ಗ್ರಂಥಾಲಯದಲ್ಲೊಂದು ಪ್ರದರ್ಶನ: ಗಾಜಿನ ಪೆಟ್ಟಿಗೆಯಿಂದ ಪುಸ್ತಕದ ಕಪಾಟಿನವರೆಗೆ

ಸಾರ್ವಜನಿಕ ಗ್ರಂಥಾಲಯಕ್ಕೆ ಪ್ರದರ್ಶನ ನೋಡಲೆಂದೇ ಬರುವವರು ಕಡಿಮೆ. ಒಬ್ಬರು ಪತ್ರಿಕೆ ಓದಲು ಬಂದಿರುತ್ತಾರೆ, ಇನ್ನೊಬ್ಬರು ಪುಸ್ತಕ ಹಿಂದಿರುಗಿಸಲು, ಮತ್ತೊಬ್ಬರು ಮಗುವಿನ ಕೈ ಹಿಡಿದುಕೊಂಡು. ಹೋಗುವ ದಾರಿಯಲ್ಲಿ ಗಾಜಿನ ಪೆಟ್ಟಿಗೆಯೊಂದು ಕಣ್ಣಿಗೆ ಬಿದ್ದು ಕಾಲು ನಿಂತರೆ ನಮಗೆ ಸಿಗುವುದು ಅರ್ಧ ನಿಮಿಷ. ವಸ್ತುಸಂಗ್ರಹಾಲಯದ ಸ್ಥಿತಿ ಬೇರೆ. ಅಲ್ಲಿಗೆ ಹೋದವರು ನೋಡಲು ಮನಸ್ಸು ಮಾಡಿಯೇ ಹೋಗಿರುತ್ತಾರೆ. ಇನ್ನೊಂದು ಮಾತೂ ಇದೆ. ಗ್ರಂಥಾಲಯದ ಪೆಟ್ಟಿಗೆಯಲ್ಲಿರುವ ಹಳೆಯ ಪತ್ರ, ಫೋಟೋ, ವಾದ್ಯ, ಕಸೂತಿ ಬಟ್ಟೆ ಬಹುಪಾಲು ಗ್ರಂಥಾಲಯದ ಸ್ವತ್ತಲ್ಲ. ಸುತ್ತಮುತ್ತಲಿನ ಮನೆಯವರು ನಂಬಿ ಕೊಟ್ಟವು, ಕೆಲವು ವಾರಗಳಲ್ಲಿ ಅವರ ಮನೆಗೇ ಮರಳಬೇಕಾದವು. ನಿಂತವರನ್ನು ಪುಸ್ತಕದ ಕಪಾಟಿನವರೆಗೆ ಕರೆದೊಯ್ಯಬೇಕು, ಬಂದ ವಸ್ತು ಬಂದ ಹಾಗೆಯೇ ವಾಪಸ್ ಹೋಗಬೇಕು. ಈ ಬರಹದ ಉಳಿದ ವಿವರವೆಲ್ಲ ಇಷ್ಟನ್ನು ಸಾಧಿಸುವ ಬಗೆ.

ಮೊದಲು ಜಾಗ ಯಾರಿಗೆ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಬರಹದಲ್ಲಿ ಇಲ್ಲದಿದ್ದರೆ ಮೊದಲ ತಕರಾರಿನ ದಿನವೇ ಸಿಬ್ಬಂದಿ ಸಿಕ್ಕಿಬೀಳುತ್ತಾರೆ. ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲಿ ಅಂಗೀಕರಿಸಿದ ಗ್ರಂಥಾಲಯ ಹಕ್ಕುಗಳ ಘೋಷಣೆಯ ಇಂದಿನ ರೂಪದಲ್ಲಿ, ಪ್ರದರ್ಶನದ ಜಾಗ ಮತ್ತು ಸಭಾಕೊಠಡಿಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿರುವ ಗ್ರಂಥಾಲಯವು ಕೇಳುವವರ ನಂಬಿಕೆ, ಸಂಘಟನೆ ನೋಡದೆ ಎಲ್ಲರಿಗೂ ಸಮನಾಗಿ ಕೊಡಬೇಕು ಎಂಬ ಕಲಮೇ ಇದೆ. 1949ರಲ್ಲಿ ಮೊದಲು ಹೊರಬಂದು 1972, 1994, 2022ರಲ್ಲಿ ಪರಿಷ್ಕೃತವಾದ ಯುನೆಸ್ಕೊ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯೂ ಸಂಸ್ಕೃತಿಯ ಕೆಲಸವನ್ನು ಗ್ರಂಥಾಲಯದ ಮೂಲ ಹೊಣೆಗಳಲ್ಲೇ ಸೇರಿಸುತ್ತದೆ. ಹಾಗಾಗಿ ಒಂದು ಪುಟದ ನಿಯಮಾವಳಿ ಸಾಕು: ಅರ್ಜಿ ಎಷ್ಟು ದಿನ ಮೊದಲು ಕೊಡಬೇಕು, ಆಯ್ಕೆ ಯಾರದು, ಪ್ರದರ್ಶನ ಎಷ್ಟು ವಾರ, ಮಾರಾಟಕ್ಕೆ ಅವಕಾಶ ಉಂಟೇ, ಆಕ್ಷೇಪ ಬಂದರೆ ಯಾರಿಗೆ ಬರೆದುಕೊಡಬೇಕು. ಆಕ್ಷೇಪದ ಕಲಮನ್ನು ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಜೋರಾಗಿ ಮಾತಾಡಿದವರ ಮಾತೇ ನಿಯಮವಾಗುತ್ತದೆ.

ವಿಷಯವನ್ನು ಕಪಾಟಿನಿಂದ ಆರಿಸಬೇಕು, ಗೋಡೆಯಿಂದಲ್ಲ. ಒಂದು ವಿಷಯ ಮನಸ್ಸಿಗೆ ಬಂದ ಕೂಡಲೇ ಕ್ಯಾಟಲಾಗ್ ತೆರೆದು ಅದರ ಮೇಲೆ ಎಷ್ಟು ಪುಸ್ತಕ ಇವೆ ನೋಡಿ. ಮಕ್ಕಳ ಪುಸ್ತಕವೂ ಸೇರಿ ಇಪ್ಪತ್ತು ಸಿಗದಿದ್ದರೆ ಒಂದೋ ಪುಸ್ತಕ ತರಿಸಿ, ಇಲ್ಲವೇ ವಿಷಯ ಬದಲಿಸಿ. ಮಗ್ಗದ ಬಗ್ಗೆ ಪ್ರದರ್ಶನ ನೋಡಿ ಕುತೂಹಲ ಹುಟ್ಟಿದವರಿಗೆ ಕೈಗೆ ಕೊಡಲು ಒಂದೂ ಪುಸ್ತಕ ಇಲ್ಲದಿದ್ದರೆ ಆ ಪ್ರದರ್ಶನ ಬೇರೆ ಎಲ್ಲಿ ನಡೆದಿದ್ದರೂ ಆಗುತ್ತಿತ್ತು. ಪುಸ್ತಕಗಳನ್ನು ಪೆಟ್ಟಿಗೆಯಿಂದ ಮೂರು ನಾಲ್ಕು ಹೆಜ್ಜೆಯೊಳಗೆ, ಬೆನ್ನಲ್ಲ, ಮುಖಪುಟ ಕಾಣುವಂತೆ ನಿಲ್ಲಿಸಿ. ಇಲ್ಲೇ ಬಹಳ ಕಡೆ ಕೆಲಸ ಕೆಡುವುದು: ಅಂದವಾಗಿ ಜೋಡಿಸಿಟ್ಟ ಪುಸ್ತಕವನ್ನು ಜನ ಮುಟ್ಟುವುದಿಲ್ಲ. ಅದೂ ಪ್ರದರ್ಶನದ್ದೇ ಎಂದುಕೊಂಡು ಮುಂದೆ ಹೋಗುತ್ತಾರೆ. “ಇವನ್ನು ಮನೆಗೆ ಒಯ್ಯಬಹುದು” ಎಂಬ ದೊಡ್ಡ ಫಲಕ ಬೇಕು, ಜೊತೆಗೆ ಸಾಲಿನಲ್ಲಿ ಬೇಕೆಂದೇ ಒಂದೆರಡು ಖಾಲಿ ಜಾಗ ಬಿಡಬೇಕು. ಆಗಲೇ ಯಾರೋ ತೆಗೆದುಕೊಂಡು ಹೋಗಿದ್ದಾರೆ ಎಂದು ಕಂಡರೆ ಮುಂದಿನವರ ಕೈ ಮುಂದಾಗುತ್ತದೆ. ದಿನಕ್ಕೊಮ್ಮೆ ಖಾಲಿ ಜಾಗ ತುಂಬುವ ಕೆಲಸ ಒಬ್ಬರ ಹೆಸರಿಗೆ ಬರೆದಿರಲಿ. ಪೆಟ್ಟಿಗೆಯೊಳಗೆ ಗ್ರಂಥಾಲಯದ್ದೇ ಪುಸ್ತಕ ಇಟ್ಟಿದ್ದರೆ ಕ್ಯಾಟಲಾಗಿನಲ್ಲಿ ಅದರ ಸ್ಥಿತಿಯನ್ನು “ಪ್ರದರ್ಶನದಲ್ಲಿದೆ” ಎಂದು ಬದಲಿಸಿ. ಇಲ್ಲವಾದರೆ ಓದುಗರು ಅದನ್ನು ಕಪಾಟಿನಲ್ಲಿ ಹುಡುಕಿ ಹುಡುಕಿ ಸೋಲುತ್ತಾರೆ.

ಇನ್ನು ಜನರಿಂದ ವಸ್ತು ಪಡೆಯುವ ಕೆಲಸ. ಪರಿಚಯದವರು ತಾನೇ ಎಂದು ಚೀಟಿ ಇಲ್ಲದೆ ಪಡೆಯುವುದು ಅತ್ಯಂತ ದುಬಾರಿ ಸಲುಗೆ. ಎರಡು ಪ್ರತಿಗಳ ಒಪ್ಪಂದಪತ್ರ ಮಾಡಿ, ಒಂದು ಕೊಟ್ಟವರ ಬಳಿ, ಒಂದು ಕಡತದಲ್ಲಿ. ಅದರಲ್ಲಿ ವಸ್ತುವಿನ ವಿವರ, ಅಳತೆ, ಬಂದ ದಿನ, ಹಿಂದಿರುಗಿಸುವ ದಿನ, ಸಾಗಿಸುವವರು ಯಾರು, ಹಾನಿಯಾದರೆ ಹೊಣೆ ಯಾರದು, ವಿಮೆ ಇದ್ದರೆ ಎಷ್ಟು ಮೊತ್ತಕ್ಕೆ, ಹೆಸರು ಹಾಕಬೇಕೇ ಬೇಡವೇ, ಫೋಟೋ ತೆಗೆದು ಅಂತರ್ಜಾಲಕ್ಕೆ ಹಾಕಬಹುದೇ, ಇಷ್ಟೂ ಇರಲಿ. ಹಳೆಯ ಫೋಟೋ ಒಬ್ಬರ ಮನೆಯ ಆಲ್ಬಮ್ಮಿನಲ್ಲಿದೆ ಎಂದಮಾತ್ರಕ್ಕೆ ಅದರ ಹಕ್ಕುಸ್ವಾಮ್ಯ ಅವರದೇ ಎಂದಲ್ಲ. ತೆಗೆದವರದೋ ಅವರ ವಾರಸುದಾರರದೋ ಆಗಿರಬಹುದು. ಪೋಸ್ಟರಿನಲ್ಲಿ ಮುದ್ರಿಸುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ.

ಒಪ್ಪಂದದ ಜೊತೆಗೆ ಸ್ಥಿತಿ ವರದಿ. ವಸ್ತುವನ್ನು ಕೊಟ್ಟವರ ಎದುರಿಗೇ ಬಿಳಿ ಹಾಳೆಯ ಮೇಲಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮುಂದೆ, ಹಿಂದೆ, ನಾಲ್ಕು ಮೂಲೆಗಳ ಫೋಟೋ ತೆಗೆಯಿರಿ. ಹರಿದದ್ದು, ಮಡಿಕೆ, ಕಲೆ, ಹುಳು ಕೊರೆದ ತೂತು ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಿ. ಇದು ಅಪನಂಬಿಕೆಯ ಗುರುತಲ್ಲ. ಮೊದಲೇ ಇದ್ದ ಬಿರುಕು ಹಿಂದಿರುಗಿಸುವ ದಿನವೇ ಮೊದಲ ಸಲ ಕಣ್ಣಿಗೆ ಬೀಳುವುದು ತೀರಾ ಸಾಮಾನ್ಯ, ಆಗ ಎರಡೂ ಕಡೆಯವರ ಮರ್ಯಾದೆ ಉಳಿಸುವುದು ಈ ಹಾಳೆಯೇ. ಗುರುತಿನ ಸಂಖ್ಯೆಯನ್ನು ವಸ್ತುವಿನ ಮೇಲೆ ಬರೆಯಬೇಡಿ. ಹತ್ತಿಯ ದಾರಕ್ಕೆ ಕಟ್ಟಿದ ಕಾಗದದ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಕಾಗದ ಹಿಡಿಯುವಾಗ ಬಿಳಿ ಹತ್ತಿ ಕೈಗವಸು ಹಾಕಬೇಕೆಂಬ ನಂಬಿಕೆ ಇದೆ. ಆದರೆ ಹತ್ತಿಯ ಎಳೆ ಹರಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಹಾಳೆಯ ಸ್ಪರ್ಶವೇ ತಿಳಿಯುವುದಿಲ್ಲ. ತೊಳೆದು ಪೂರ್ತಿ ಒಣಗಿಸಿದ ಬರಿಗೈಯೇ ಒಳ್ಳೆಯದು. ಫೋಟೋ ಮತ್ತು ಲೋಹದ ವಸ್ತುಗಳಿಗೆ ಮಾತ್ರ ನೈಟ್ರೈಲ್ (ಕೃತಕ ರಬ್ಬರ್) ಕೈಗವಸು ಬೇಕು, ಬೆರಳಿನ ಬೆವರು ಅವುಗಳ ಮೇಲೆ ಅಚ್ಚೊತ್ತಿಬಿಡುತ್ತದೆ.

ಬಂದ ವಸ್ತುವನ್ನು ನೇರವಾಗಿ ಪೆಟ್ಟಿಗೆಯೊಳಗೆ ಇಡಬಾರದು. ವಸ್ತುವಿನ ಕೆಳಗೆ ಬಿಳಿ ಹಾಳೆ ಹಾಸಿ, ಸ್ವಚ್ಛವಾದ ಪಾಲಿಥೀನ್ ಚೀಲದಲ್ಲಿ ಮುಚ್ಚಿ, ಎರಡು ವಾರ ಬೇರೆ ಕೋಣೆಯಲ್ಲಿಡಿ. ಹುಳು ಇದ್ದರೆ ಹಾಳೆಯ ಮೇಲೆ ಹಿಟ್ಟಿನಂಥ ಪುಡಿ ಉದುರುತ್ತದೆ. ಒಂದು ಹುಳುಕು ಪುಸ್ತಕದಿಂದ ಹಬ್ಬಿದ್ದು ಇಡೀ ಸಂಗ್ರಹಕ್ಕೆ ತಗುಲಬಹುದು, ಆದ್ದರಿಂದ ಈ ಎರಡು ವಾರವನ್ನು ಕಾರ್ಯಯೋಜನೆಯಲ್ಲಿ ಮೊದಲೇ ಸೇರಿಸಿಕೊಳ್ಳಿ. ತೇವವಿರುವ ವಸ್ತುವಾದರೆ ಚೀಲದಲ್ಲಿ ಮುಚ್ಚಲೇಬೇಡಿ, ಬೂಷ್ಟು ಹಿಡಿಯುತ್ತದೆ.

ಬೆಳಕಿನ ವಿಷಯದಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಕಾಗದ, ಜಲವರ್ಣ, ಬಟ್ಟೆ, ಫೋಟೋ ಇವುಗಳಿಗೆ 50 ಲಕ್ಸ್ (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ), ತೈಲವರ್ಣಕ್ಕೆ 200 ಲಕ್ಸ್ ಎಂಬುದು ಸಂಗ್ರಹಾಲಯಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಮಿತಿ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಕತ್ತಲಲ್ಲಿ ಇಟ್ಟರೆ ವಾಸಿಯಾಗುವುದಿಲ್ಲ. ಒಂದು ಪತ್ರವನ್ನು 50 ಲಕ್ಸಿನಲ್ಲಿ ದಿನಕ್ಕೆ 8 ಗಂಟೆಯಂತೆ 300 ದಿನ ಇಟ್ಟರೆ 1,20,000 ಲಕ್ಸ್-ಗಂಟೆ. ಓದುವ ಕೋಣೆಯಲ್ಲಿ ಮೇಜಿನ ಮೇಲೆ 500 ಲಕ್ಸ್ ಇರುವುದು ಸಾಮಾನ್ಯ. ಅಲ್ಲಿ ಅದೇ ಪತ್ರವನ್ನು ಬರೇ 30 ದಿನ ಇಟ್ಟರೂ ಅಷ್ಟೇ ಹಾನಿ ಆಗಿಹೋಗುತ್ತದೆ. ಅಂದರೆ ಒಂದು ವರ್ಷದ ಆಯಸ್ಸು ಒಂದು ತಿಂಗಳಿಗೆ ಸವೆಯಿತು. ನೆತ್ತಿಯ ಬಿಸಿಲು 1,00,000 ಲಕ್ಸ್ ಮುಟ್ಟಬಲ್ಲದು, ಕಿಟಕಿಯ ಪಕ್ಕ ಪೆಟ್ಟಿಗೆ ಇಡಬಾರದೆನ್ನುವುದು ಇದಕ್ಕೇ. ಎಲ್‌ಇಡಿ ದೀಪದಲ್ಲಿ ಅತಿನೇರಳೆ ಕಿರಣ ತೀರಾ ಕಡಿಮೆ ಎಂದು ನಿಶ್ಚಿಂತರಾಗುವವರಿದ್ದಾರೆ. ಅತಿನೇರಳೆ ಇಲ್ಲದ ಬೆಳಕೂ ಬಣ್ಣ ತಿನ್ನುತ್ತದೆ, ಪ್ರಮಾಣ ಕಡಿಮೆಯಷ್ಟೇ.

ಲಕ್ಸ್ ಮೀಟರನ್ನು ವಸ್ತು ಇರುವ ಜಾಗದಲ್ಲಿ, ಅದು ಮುಖ ಮಾಡಿರುವ ದಿಕ್ಕಿಗೇ ಹಿಡಿದು ಅಳೆಯಬೇಕು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಫೋನಿನ ಆ್ಯಪ್ ಅಂದಾಜಿಗೆ ಆದೀತು, ಮಿತಿ ನಿರ್ಧರಿಸಲು ಸಾಲದು. ಕೋಣೆಯ ದೀಪ ಕಡಿಮೆ ಮಾಡಲು ಆಗದಿದ್ದರೆ ಪೆಟ್ಟಿಗೆಯ ಮೇಲೆ ದಪ್ಪ ಬಟ್ಟೆ ಹೊದಿಸಿ, ನೋಡುವವರೇ ಎತ್ತಿ ನೋಡುವಂತೆ ಮಾಡಬಹುದು. ಸೋವಿಯ ಉಪಾಯ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ, ಮಕ್ಕಳಿಗಂತೂ ಎತ್ತಿ ನೋಡುವುದೇ ಇಷ್ಟ. ಬಾಲ್‌ಪೆನ್ ಮತ್ತು ಸ್ಕೆಚ್‌ಪೆನ್ ಶಾಯಿ, ಹಳೆಯ ಬಣ್ಣದ ಫೋಟೋ, ನೈಸರ್ಗಿಕ ಬಣ್ಣ ಹಾಕಿದ ಬಟ್ಟೆ, ಇವು ಎಲ್ಲಕ್ಕಿಂತ ಬೇಗ ಮಾಸುವವು. ಇವುಗಳಿಗೆ ಮೂಲ ಬೇಡ, ಪ್ರತಿಯೇ ಸರಿ. ಮುದ್ರಿಸುವ ಅಳತೆಗೆ ಇಂಚಿಗೆ 300 ಚುಕ್ಕಿ ಬರುವಂತೆ ಸ್ಕ್ಯಾನ್ ಮಾಡಿ, ಮ್ಯಾಟ್ ಕಾಗದದ ಮೇಲೆ ಮುದ್ರಿಸಿ, ಲೇಬಲ್ಲಿನಲ್ಲಿ “ಪ್ರತಿ” ಎಂದು ಸ್ಪಷ್ಟವಾಗಿ ಬರೆಯಿರಿ. ಪ್ರತಿಯನ್ನು ಮೂಲವೆಂದು ತೋರಿಸುವುದು ನೋಡುವವರಿಗೆ ಮಾಡುವ ಮೋಸ.

ಗಾಳಿಯ ತೇವಾಂಶ 65 ಶೇಕಡಾ ದಾಟಿ ಹಾಗೆಯೇ ನಿಂತರೆ ಬೂಷ್ಟು ಹಿಡಿಯುತ್ತದೆ. ಕಾಗದಕ್ಕೆ 35ರಿಂದ 50ರವರೆಗೆ ಹಿತ. ಸಂಖ್ಯೆಗಿಂತಲೂ ಹೆಚ್ಚು ಕೆಡುಕು ಮಾಡುವುದು ಏರಿಳಿತ. ಹಗಲು ಹವಾನಿಯಂತ್ರಣ ನಡೆದು ರಾತ್ರಿ ನಿಂತರೆ ಕಾಗದ ದಿನವೂ ಹಿಗ್ಗಿ ಕುಗ್ಗಿ ಸುರುಳಿಯಾಗುತ್ತದೆ. ಪೆಟ್ಟಿಗೆಯ ಒಳಗೆ ದೀಪ ಹಾಕಿದರೂ ಹೀಗೆಯೇ, ದೀಪ ಹೊತ್ತಿದಾಗ ಒಣಗುತ್ತದೆ, ಆರಿದಾಗ ತೇವವಾಗುತ್ತದೆ. ದೀಪ ಹೊರಗಿರಲಿ. ಪೆಟ್ಟಿಗೆಯನ್ನು ಹೊರಗೋಡೆಗೆ ಆನಿಸಬೇಡಿ, ಎಸಿ ಗಾಳಿ ಬೀಸುವ ಬಾಯಿಗೂ ಇಡಬೇಡಿ. ತೇವ ಹೀರುವ ಸಿಲಿಕಾ ಜೆಲ್ ಹರಳು ಇಡುವುದಾದರೆ 45–50 ಶೇಕಡಾ ತೇವಾಂಶಕ್ಕೆ ಹದಗೊಳಿಸಿದ್ದನ್ನೇ ಇಡಿ. ಪೂರ್ತಿ ಒಣಗಿದ ಜೆಲ್ ಹಳೆಯ ಕಾಗದದ ತೇವವನ್ನೂ ಹೀರಿ ಅದನ್ನು ಪೆಡಸಾಗಿಸುತ್ತದೆ.

ಪೆಟ್ಟಿಗೆ ಯಾವುದರಿಂದ ಮಾಡಿದ್ದು ಎಂಬುದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಗಳಿಂದ ಫಾರ್ಮಾಲ್ಡಿಹೈಡ್ ಮತ್ತು ಆಮ್ಲದ ಆವಿ ಹೊರಡುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಅಲ್ಲೇ ಸೇರಿಕೊಳ್ಳುತ್ತದೆ. ಹೊಸ ಬಣ್ಣ ಬಳಿದಿದ್ದರೆ ಮೂರು ನಾಲ್ಕು ವಾರ ಬಾಗಿಲು ತೆರೆದಿಟ್ಟು ವಾಸನೆ ಹೋದ ಮೇಲೆಯೇ ವಸ್ತು ಇಡಿ. ಉಣ್ಣೆಯ ಹಾಸು ಹಾಕಿದರೆ ಅದರ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಬಣ್ಣ ಹಾಕದ, ಒಗೆದು ಒಣಗಿಸಿದ ಹತ್ತಿ ಬಟ್ಟೆ ಹಾಸಿದರೆ ಯಾವ ತಂಟೆಯೂ ಇಲ್ಲ.

ಹಳೆಯ ಪತ್ರವೊಂದನ್ನು ನಿಲ್ಲಿಸುವ ಬಗೆಯನ್ನು ಪೂರ್ತಿಯಾಗಿ ಹೇಳುತ್ತೇವೆ, ಎಲ್ಲಕ್ಕಿಂತ ಹೆಚ್ಚು ಹಾನಿ ಆಗುವುದು ಇಲ್ಲೇ. ಸೆಲ್ಲೋಟೇಪ್ ಬೇಡ, ಗೋಂದು ಬೇಡ, ಲ್ಯಾಮಿನೇಷನ್ ಬೇಡವೇ ಬೇಡ. ಟೇಪಿನ ಅಂಟು ಕಾಲಕ್ರಮದಲ್ಲಿ ಕಾಗದದ ಎಳೆಯೊಳಗೆ ಇಳಿದು ಕಂದು ಕಲೆಯಾಗುತ್ತದೆ, ಲ್ಯಾಮಿನೇಷನ್ನಿನ ಬಿಸಿಯಲ್ಲಿ ಅಂಟಿದ್ದನ್ನು ಬಿಡಿಸುವುದು ಬಹುತೇಕ ಅಸಾಧ್ಯ. ಆಮ್ಲರಹಿತ ದಪ್ಪ ರಟ್ಟನ್ನು ಪತ್ರಕ್ಕಿಂತ ನಾಲ್ಕೂ ಬದಿಗೆ 5 ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ. ಪಾಲಿಯೆಸ್ಟರ್ ಹಾಳೆಯಿಂದಲೋ ಆಮ್ಲರಹಿತ ಕಾಗದದಿಂದಲೋ ನಾಲ್ಕು ಪುಟ್ಟ ತ್ರಿಕೋನ ಜೇಬು ಮಡಿಸಿ, ಪತ್ರದ ಮೂಲೆಗಳನ್ನು ಅವುಗಳೊಳಗೆ ತೂರಿಸಿ. ಅಂಟುವುದು ಜೇಬು ರಟ್ಟಿಗೆ ಮಾತ್ರ. ಅಂಟು ಪತ್ರವನ್ನು ಮುಟ್ಟಲೇಬಾರದು. ಮೂಲೆಯ ಒಳಗೆ 1–2 ಮಿಲಿಮೀಟರ್ ಸಡಿಲ ಬಿಡಿ. ಬಿಗಿಯಾಗಿ ಕೂರಿಸಿದರೆ ತೇವ ಏರಿದ ದಿನ ಪತ್ರ ಹಿಗ್ಗಲು ಜಾಗ ಸಿಗದೆ ನಡುವೆ ಉಬ್ಬುತ್ತದೆ. ಚೌಕಟ್ಟಿನಲ್ಲಿ ಹಾಕುವುದಾದರೆ ಗಾಜು ಪತ್ರಕ್ಕಾಗಲಿ ಫೋಟೋಕ್ಕಾಗಲಿ ತಾಗದಂತೆ ನಡುವೆ ಕಿಟಕಿ ಕತ್ತರಿಸಿದ ರಟ್ಟು ಕೊಡಿ. ಫೋಟೋದ ಮೇಲ್ಪದರ ಜೆಲಾಟಿನ್. ತೇವದಲ್ಲಿ ಅದು ಮೆತ್ತಗಾಗಿ ಗಾಜಿಗೆ ಕಚ್ಚಿಕೊಂಡರೆ ಬಿಡಿಸುವಾಗ ಚಿತ್ರವೇ ಕಿತ್ತುಬರುತ್ತದೆ. ಇದ್ದಿಲು ಅಥವಾ ಪೇಸ್ಟಲ್ ಚಿತ್ರಕ್ಕೆ ಅಕ್ರಿಲಿಕ್ ಹಾಳೆ ಬೇಡ, ಅದರ ಸ್ಥಿರವಿದ್ಯುತ್ತು ಪುಡಿಯನ್ನು ಸೆಳೆಯುತ್ತದೆ.

ಪುಸ್ತಕ ತೆರೆದು ತೋರಿಸುವಾಗ ಅದು ತಾನಾಗಿ ಎಷ್ಟು ತೆರೆದುಕೊಳ್ಳುತ್ತದೋ ಅಷ್ಟೇ. ಮೆಲ್ಲಗೆ ಬಿಡಿಸುತ್ತಾ ಹೋಗಿ, ಬೆನ್ನು ತಡೆದ ಕಡೆ ನಿಲ್ಲಿಸಿ. ಆ ಕೋನಕ್ಕೆ ತಕ್ಕಂತೆ ಎರಡೂ ರಟ್ಟಿಗೆ ಆಸರೆ ಮಾಡಿ. ಹೆಚ್ಚಿನ ಹಳೆಯ ಪುಸ್ತಕಗಳು 90ರಿಂದ 120 ಡಿಗ್ರಿಯೊಳಗೇ ನಿಲ್ಲುತ್ತವೆ. 180 ಡಿಗ್ರಿಗೆ ಒತ್ತಿ ಮಲಗಿಸಿದರೆ ಬೆನ್ನು ಸೀಳುತ್ತದೆ. ಪುಟ ಮಗುಚದಂತೆ ಪಾಲಿಯೆಸ್ಟರ್ ಪಟ್ಟಿ ಸುತ್ತಿ, ಅದರ ತುದಿಗಳನ್ನು ಆಸರೆಯ ಹಿಂಬದಿಯಲ್ಲಿ ಒಂದಕ್ಕೊಂದು ಅಂಟಿಸಿ. ನಾಲ್ಕು ವಾರಕ್ಕೊಮ್ಮೆ ಪುಟ ಬದಲಿಸಿ. ಬೆಳಕಿನ ಪೆಟ್ಟು ಒಂದೇ ಪುಟಕ್ಕೆ ಬೀಳುವುದು ತಪ್ಪುತ್ತದೆ, ನಿತ್ಯದ ಓದುಗರಿಗೂ ಮತ್ತೆ ನೋಡಲು ಕಾರಣ ಸಿಗುತ್ತದೆ.

ಲೇಬಲ್ ಬರೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ ಎಂದೇ ನಮ್ಮ ಅಭಿಪ್ರಾಯ. ವಿಷಯ ಗೊತ್ತಿರುವವರಿಗೆ ಎಲ್ಲವನ್ನೂ ಹೇಳುವ ಆಸೆ, ನಿಂತವರಿಗೆ ಅರ್ಧ ನಿಮಿಷ. ಒಂದು ವಸ್ತುವಿಗೆ 40 ಪದ, ಮೊದಲ ಫಲಕಕ್ಕೆ 100 ಪದ ದಾಟಬೇಡಿ. ಮೊದಲ ವಾಕ್ಯ ಕಣ್ಣೆದುರಿನ ವಸ್ತುವನ್ನೇ ತೋರಿಸಬೇಕು. “ಸಂವಹನ ಮಾಧ್ಯಮದ ಇತಿಹಾಸದಲ್ಲಿ ಪತ್ರಗಳಿಗೆ ಮಹತ್ವದ ಸ್ಥಾನವಿದೆ” ಎಂದು ಶುರುವಾದ ಲೇಬಲನ್ನು ಯಾರೂ ಮುಗಿಸುವುದಿಲ್ಲ. “ಕಾಗದ ಉಳಿಸಲು ಈ ಪತ್ರವನ್ನು ಅಡ್ಡವಾಗಿ ಬರೆದು, ಮತ್ತೆ ಅದರ ಮೇಲೆಯೇ ಉದ್ದವಾಗಿ ಬರೆದಿದ್ದಾರೆ” ಎಂದರೆ ಕಣ್ಣು ತಾನೇ ಪತ್ರಕ್ಕೆ ಹೋಗುತ್ತದೆ, ಮತ್ತೆ ಲೇಬಲ್ಲಿಗೆ ಬರುತ್ತದೆ. ಕೊನೆಯ ಸಾಲಿನಲ್ಲಿ ಒಂದು ಪುಸ್ತಕದ ಹೆಸರು, ಕಪಾಟಿನಲ್ಲಿ ಅದರ ಜಾಗ ತಿಳಿಸುವ ಕರೆಸಂಖ್ಯೆ ಇರಲಿ.

ಅಕ್ಷರದ ಗಾತ್ರ ಪೆಟ್ಟಿಗೆಯೊಳಗೆ ಕನಿಷ್ಠ 18 ಪಾಯಿಂಟ್, ಗೋಡೆಯ ಮೇಲೆ 24, ಮೊದಲ ಫಲಕಕ್ಕೆ 36. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬೇಕು. ಇಂಗ್ಲಿಷಿಗೆ ಹೊಂದಿಸಿದ ವಿನ್ಯಾಸದಲ್ಲೇ ಕನ್ನಡ ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮುದ್ರಣಕ್ಕೆ ಕಳಿಸುವಾಗ ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ. ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಗುರುತುಗಳಾಗಿಬಿಡುತ್ತದೆ. ಹೊಳಪಿನ ಕಾಗದ ಬೇಡ, ದೀಪ ಪ್ರತಿಫಲಿಸುತ್ತದೆ. ಕರಡನ್ನು ಇಬ್ಬರು ಓದಲಿ, ಅವರಲ್ಲೊಬ್ಬರಿಗೆ ವಿಷಯ ಗೊತ್ತಿರದಿದ್ದರೆ ಒಳ್ಳೆಯದು. ವಸ್ತು ಕೊಟ್ಟವರ ಹೆಸರಿನ ಕಾಗುಣಿತವನ್ನು ಅವರಿಗೇ ತೋರಿಸಿ ಒಪ್ಪಿಗೆ ಪಡೆಯಿರಿ. ಹೆಸರು ತಪ್ಪಿದ ಲೇಬಲಿನ ನೋವು ಬಹಳ ಕಾಲ ಹೋಗುವುದಿಲ್ಲ.

ಚಿತ್ರಗಳ ನಡುಭಾಗ ನೆಲದಿಂದ 145–150 ಸೆಂಟಿಮೀಟರ್ ಎತ್ತರದಲ್ಲಿರಲಿ. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟ ಸುಮಾರು 110–120, ಮಕ್ಕಳದು ಇನ್ನೂ ಕೆಳಗೆ, ಆದ್ದರಿಂದ ಲೇಬಲನ್ನು ಚಿತ್ರದ ಮೇಲಲ್ಲ, ಪಕ್ಕದಲ್ಲೋ ಕೆಳಗೋ ಹಾಕಿ. ನಡೆಯುವ ದಾರಿ 120 ಸೆಂಟಿಮೀಟರ್ ಅಗಲ, ಗಾಲಿಕುರ್ಚಿ ತಿರುಗುವ ಕಡೆ 150 ಬೇಕು. ಗೋಡೆಗೆ ಹಾಕುವ ಮೊದಲು ಎಲ್ಲವನ್ನೂ ನೆಲದ ಮೇಲೆ ಜೋಡಿಸಿ ನೋಡಿದರೆ ಅರ್ಧದಷ್ಟು ಮೊಳೆ ಉಳಿಯುತ್ತದೆ.

ಈಗ ಕಾರ್ಯಕ್ರಮ. ಉಪನ್ಯಾಸವಾಗಲಿ, ಕಾವ್ಯವಾಚನವಾಗಲಿ, ಸಂಗೀತವಾಗಲಿ, ಗ್ರಂಥಾಲಯದಲ್ಲಿ ಓದಲು ಬಂದವರ ಹಕ್ಕು ಮೊದಲು. ಬೇರೆ ಕೋಣೆ ಇಲ್ಲದಿದ್ದರೆ ಓದುವ ವೇಳೆ ಮುಗಿದ ಮೇಲೆ ಇಟ್ಟುಕೊಳ್ಳಿ, ಇಲ್ಲವೇ ಎರಡು ವಾರ ಮೊದಲೇ ಆ ಮೇಜುಗಳ ಮೇಲೆಯೇ ಚೀಟಿ ಹಚ್ಚಿ, ಅಂದು ಎಲ್ಲಿ ಕೂತು ಓದಬಹುದೆಂದೂ ಬರೆಯಿರಿ. 45 ನಿಮಿಷ ಮಾತು, 15 ನಿಮಿಷ ಪ್ರಶ್ನೆ. ಕುರ್ಚಿ, ಓಡಾಟದ ದಾರಿ ಎಲ್ಲ ಸೇರಿ ತಲೆಗೆ ಸುಮಾರು ಒಂದು ಚದರ ಮೀಟರ್ ಹಿಡಿದುಕೊಳ್ಳಿ. ಹೊರಬಾಗಿಲಿಗೆ ಅಡ್ಡವಾಗಿ ಒಂದು ಕುರ್ಚಿಯೂ ಬೇಡ. ವೇದಿಕೆಯನ್ನು ಬಾಗಿಲಿನ ಎದುರು ಬದಿಗೆ ಇಟ್ಟರೆ ತಡವಾಗಿ ಬಂದವರು ಮಾತಾಡುವವರ ಮುಂದೆ ಹಾದುಹೋಗುವುದಿಲ್ಲ.

ಮೈಕ್ ಕಡ್ಡಾಯ. “ನನ್ನ ದನಿ ಜೋರಿದೆ, ಮೈಕ್ ಬೇಡ” ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಕಿವಿ ಮಂದವಾದವರು ಹಿಂದಿನ ಸಾಲಿನಿಂದ ಕೇಳಿಸುತ್ತಿಲ್ಲವೆಂದು ಕೂಗಿ ಹೇಳುವುದಿಲ್ಲ, ಎದ್ದು ಹೋಗುತ್ತಾರೆ. ಸ್ಪೀಕರುಗಳು ಮೈಕಿಗಿಂತ ಮುಂದೆ, ಸಭಿಕರ ಕಡೆಗೆ ಮುಖಮಾಡಿರಲಿ. ಹಿಂದಿದ್ದರೆ ದನಿ ಮತ್ತೆ ಮೈಕಿಗೆ ಸೇರಿ ಕೀರಲು ಶುರುವಾಗುತ್ತದೆ. ಪ್ರಶ್ನೆ ಕೇಳುವವರ ಕೈಗೂ ಮೈಕ್ ಹೋಗಬೇಕು, ಇಲ್ಲವೇ ವೇದಿಕೆಯವರು ಪ್ರಶ್ನೆಯನ್ನು ಮತ್ತೆ ಹೇಳಬೇಕು. ಸಿನಿಮಾ ತೋರಿಸುವುದಾದರೆ ಡಿವಿಡಿ ನಮ್ಮ ಬಳಿ ಇದೆ, ಚಂದಾ ಕಟ್ಟಿದ್ದೇವೆ ಎಂಬುದು ಸಾರ್ವಜನಿಕ ಪ್ರದರ್ಶನದ ಅನುಮತಿ ಅಲ್ಲ. ಹಕ್ಕುದಾರರಿಂದ ಅದನ್ನು ಬೇರೆಯಾಗಿಯೇ ಪಡೆಯಬೇಕು. ಧ್ವನಿಮುದ್ರಣಕ್ಕೆ ಮಾತಾಡುವವರ ಲಿಖಿತ ಒಪ್ಪಿಗೆ, ಮಕ್ಕಳ ಫೋಟೋಕ್ಕೆ ತಂದೆತಾಯಿಯರ ಒಪ್ಪಿಗೆ ಇರಲಿ. ಕಾರ್ಯಕ್ರಮ ಮುಗಿದ ಮೇಲೆ ಅರ್ಧ ಗಂಟೆ ಎರವಲು ಕೌಂಟರ್ ತೆರೆದಿರಲಿ. ಮಾತು ಕೇಳಿ ಮನಸ್ಸು ಬೆಚ್ಚಗಿರುವಾಗಲೇ ಜನ ಪುಸ್ತಕ ಒಯ್ಯುತ್ತಾರೆ, ಸದಸ್ಯರಾಗುತ್ತಾರೆ. ದೀಪ ಆರಿಸಿ ಬೀಗ ಹಾಕಿದರೆ ಆ ಸಂಜೆಯ ಅರ್ಧ ಫಲ ಹೋದ ಹಾಗೆ.

ಎಣಿಸಬೇಕಾದ್ದು ಬಂದವರ ತಲೆಯಷ್ಟೇ ಅಲ್ಲ. ಪ್ರದರ್ಶನದ ಪಕ್ಕ ಇಟ್ಟ ಪುಸ್ತಕಗಳ ಪಟ್ಟಿ ಮಾಡಿಟ್ಟುಕೊಂಡು, ಹಿಂದಿನ ಅಷ್ಟೇ ವಾರಗಳಲ್ಲಿ ಅವೆಷ್ಟು ಸಲ ಎರವಲು ಹೋಗಿದ್ದವು, ಈಗೆಷ್ಟು ಹೋದವು ನೋಡಿ. ಸಂದರ್ಶಕರ ಪುಸ್ತಕದಲ್ಲಿ “ಚೆನ್ನಾಗಿದೆ” ಎಂಬುದಷ್ಟೇ ತುಂಬಿದರೆ ಪ್ರಯೋಜನವಿಲ್ಲ, “ನಿಮ್ಮ ಮನೆಯಲ್ಲೂ ಇಂಥದ್ದು ಇದೆಯೇ?” ಎಂದು ಪುಟದ ಮೇಲೆ ಮುದ್ರಿಸಿಡಿ. ಮುಂದಿನ ಪ್ರದರ್ಶನದ ವಸ್ತುಗಳು ಆ ಉತ್ತರಗಳಿಂದಲೇ ಬರುತ್ತವೆ.

ತೆಗೆಯುವ ದಿನ ಆತುರ ಬೇಡ, ಜೋಡಿಸಿದಷ್ಟೇ ಸಮಯ ಇಟ್ಟುಕೊಳ್ಳಿ. ವಸ್ತು ಒಡೆಯುವುದು, ಕಳೆಯುವುದು ಹೆಚ್ಚಾಗಿ ಈ ಕೊನೆಯ ಗಡಿಬಿಡಿಯಲ್ಲೇ. ಒಂದೊಂದನ್ನೂ ಸ್ಥಿತಿ ವರದಿಯ ಫೋಟೋದ ಪಕ್ಕ ಇಟ್ಟು ಹೋಲಿಸಿ, ಹೊಸ ಗುರುತು ಕಂಡರೆ ಅವರು ಕೇಳುವ ಮೊದಲೇ ನಾವೇ ತಿಳಿಸಬೇಕು. ಬಂದಾಗ ಸುತ್ತಿದ್ದ ಬಟ್ಟೆ, ಡಬ್ಬಿ, ದಾರವನ್ನೂ ಅದೇ ಸಂಖ್ಯೆ ಹಚ್ಚಿ ಇಟ್ಟಿರಬೇಕು, ಅದರಲ್ಲೇ ಸುತ್ತಿ ಕೊಡಿ. ಒಪ್ಪಂದಪತ್ರದ ಎರಡೂ ಪ್ರತಿಗಳ ಮೇಲೆ “ಹಿಂದಿರುಗಿಸಲಾಗಿದೆ” ಎಂದು ದಿನಾಂಕ ಬರೆದು ಸಹಿ ಪಡೆಯಿರಿ. ಲೇಬಲ್ಲುಗಳ ಕಡತ, ಬೆಳಕು ಮತ್ತು ತೇವಾಂಶದ ಅಳತೆಗಳು, ಪುಸ್ತಕಗಳ ಪಟ್ಟಿ ಇವನ್ನು ಒಂದೇ ಕಡತದಲ್ಲಿ ಸೇರಿಸಿಟ್ಟರೆ ಮುಂದಿನ ಸಲ ಬೇರೆ ಯಾರು ಈ ಕೆಲಸ ವಹಿಸಿಕೊಂಡರೂ ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ.